ಕಣ್ಣಿಗೆ ಕತ್ತಲೆ ಬಂದದ್ದು ಕತ್ತಿನಿಂದ

"ಸರಿ ಹೋಯ್ತಲ್ಲ, ಬಿಡು." ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಈ ಒಂದು ಮಾತಿನಿಂದ ನನ್ನ ಅಪ್ಪನ ಜೀವಕ್ಕೇ ಕುತ್ತು ಬರುವುದರಲ್ಲಿತ್ತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮನೆಯಲ್ಲಿ ಐವತ್ತು ದಾಟಿದವರಿದ್ದರೆ ಅವರಿಗೂ ಓದಿ ಹೇಳಿ.

ಅಪ್ಪನಿಗೆ 68 ವರ್ಷ. ತಿಪಟೂರಿನ ಹತ್ತಿರ ತೆಂಗಿನ ತೋಟ, ಜೊತೆಗೆ ಸ್ವಲ್ಪ ಅಡಿಕೆ. ಬಿಪಿ ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದರು. ಬೀಡಿ ಬಿಟ್ಟು ಆರು ವರ್ಷವಾಗಿತ್ತು. ಒಂದು ಬೆಳಿಗ್ಗೆ ತೋಟದಲ್ಲಿ ನಿಂತಿದ್ದಾಗ ಬಲಗಣ್ಣಿಗೆ ಕತ್ತಲೆ ಬಂತು. ನೋವಿಲ್ಲ, ಉರಿಯಿಲ್ಲ, ಕಣ್ಣು ಕೆಂಪಾಗಲೂ ಇಲ್ಲ. "ಕಂಪನಿ ನಾಟಕದಲ್ಲಿ ಪರದೆ ಬೀಳ್ತದಲ್ಲ, ಹಂಗೆ ಮೇಲಿಂದ ಕೆಳಕ್ಕೆ ಇಳೀತು" ಅಂತ ಆಮೇಲೆ ಹೇಳಿದರು. ಐದು ನಿಮಿಷಕ್ಕೆ ಪರದೆ ಎದ್ದಿತು. ಎಲ್ಲ ಮೊದಲಿನ ಹಾಗೇ ಕಂಡಿತು. ಅಮ್ಮ ಉಷ್ಣ ಜಾಸ್ತಿಯಾಗಿದೆ ಅಂತ ನೆತ್ತಿಗೆ ಹರಳೆಣ್ಣೆ ತಟ್ಟಿದರು.

ಎಂಟು ದಿನಕ್ಕೆ ಮತ್ತೆ ಅದೇ ಆಯಿತು. ಈ ಸಲ ಊರಿನ ಕನ್ನಡಕದ ಅಂಗಡಿಗೆ ಹೋದರು. ಕಂಪ್ಯೂಟರ್ ಪರೀಕ್ಷೆ ಮಾಡಿ ಹೊಸ ಕನ್ನಡಕ ಕೊಟ್ಟರು. ಆ ವಾರವೇ ಎಡಗೈಯಿಂದ ಕಾಫಿ ಲೋಟ ಜಾರಿ ಬಿತ್ತು. ಕಾಲು ಗಂಟೆ ಕೈ ಜೋಮು ಹಿಡಿದಂತಿತ್ತಂತೆ. ಬಲಗಣ್ಣಿಗೂ ಎಡಗೈಗೂ ಏನು ಸಂಬಂಧ ಅಂತ ಯಾರಿಗೂ ಹೊಳೆಯಲಿಲ್ಲ. ಬೆಂಗಳೂರಲ್ಲಿದ್ದ ನನಗೆ ಯಾರೂ ಹೇಳಲೂ ಇಲ್ಲ. ಸರಿ ಹೋಗಿತ್ತಲ್ಲ!

ಫೋನಿನಲ್ಲಿ ಮಳೆ ವಿಚಾರ ಮಾತಾಡುವಾಗ ಅಮ್ಮನ ಬಾಯಿಂದ ಸುಮ್ನೆ ಹೀಗೊಂದು ಮಾತು ಬಂತು. ಮಾರನೆಯ ದಿನವೇ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹನಿ ಹಾಕಿ, ಪಾಪೆ ಹಿಗ್ಗಿಸಿ, ಒಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಕಣ್ಣಿನ ಬಗ್ಗೆ ಇರಲಿಲ್ಲ. "ಕೈಕಾಲು ಯಾವತ್ತಾದರೂ ಸೋತಿತ್ತಾ?" ಲೋಟದ ಕತೆ ಹೊರಗೆ ಬಂದದ್ದು ಆಗಲೇ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು: "ತೊಂದರೆ ಕಣ್ಣಲ್ಲಿಲ್ಲ. ಕತ್ತಿನಲ್ಲಿದೆ. ಇವತ್ತೇ ಅಡ್ಮಿಟ್ ಆಗಬೇಕು."

ಕತ್ತಿನ ಎರಡೂ ಪಕ್ಕ ನಾಡಿ ಬಡಿಯುವುದು ಕೈಗೆ ಸಿಗುತ್ತದಲ್ಲ, ಅದೇ ಕೆರೋಟಿಡ್ ರಕ್ತನಾಳ. ದವಡೆಯ ಕೆಳಗೆ ಅದು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮುಖದ ಕಡೆಗೆ, ಇನ್ನೊಂದು ಮೆದುಳಿಗೆ. ಮೆದುಳಿಗೆ ಹೋಗುವ ಕವಲು ತಲೆಬುರುಡೆಯ ಒಳಗೆ ಸೇರಿದ ಮೇಲೆ ಕೊಡುವ ಮೊದಲ ಮುಖ್ಯ ಕೊಂಬೆಯೇ ಕಣ್ಣಿನದು. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಇವುಗಳಿಂದ ಕವಲೊಡೆಯುವ ಜಾಗದಲ್ಲೇ ಜಿಡ್ಡು ಕಟ್ಟಿಕೊಳ್ಳುತ್ತದೆ. ಜಿಡ್ಡಿನ ಚೂರೋ, ಅದರ ಮೇಲೆ ಹೆಪ್ಪುಗಟ್ಟಿದ ರಕ್ತದ ಚೂರೋ ಕಳಚಿಕೊಂಡು ಮೇಲೆ ಹರಿದರೆ ಕಣ್ಣಿನ ನಾಳದಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಅಲ್ಲೇ ಒಡೆದು ಮುಂದೆ ಹೋದರೆ ನೋಟ ವಾಪಸ್ ಬರುತ್ತದೆ.

ಇದನ್ನು ನನಗಿಂತ ಬೇಗ ಅಪ್ಪನೇ ಅರ್ಥ ಮಾಡಿಕೊಂಡರು. "ಮೇನ್ ಪೈಪಲ್ಲಿ ಪಾಚಿ ಕಟ್ಟಿದೆ, ಡ್ರಿಪ್ಪರ್ ಕಟ್ಟಿಕೊಂಡಿದೆ. ನಾವು ಡ್ರಿಪ್ಪರ್ ಬದಲಾಯಿಸಿದ್ವಿ, ಅಷ್ಟೇ ಅಲ್ವಾ?" ಅಂದರು. ಹೊಸ ಕನ್ನಡಕ ಅಂದರೆ ಅದೇ. ಹನಿ ನೀರಾವರಿ ಮಾಡಿದವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಇವತ್ತು ಚೂರು ಕಣ್ಣಿಗೆ ಹೋಗಿದೆ. ನಾಳೆ ಅದೇ ಪೈಪಿನಿಂದ ಇನ್ನೊಂದು ಚೂರು ಮೆದುಳಿಗೆ ಹೋದರೆ ಲಕ್ವ.

ಆ ಬಲಗಣ್ಣು, ಎಡಗೈ ಒಗಟು ಬಿಡಿಸಿದ್ದು ಕಣ್ಣಿನ ಡಾಕ್ಟರೇ. ಬಲಗಡೆ ಕತ್ತಿನ ನಾಳ ಬಲಗಣ್ಣಿಗೂ ಬಲ ಮೆದುಳಿಗೂ ರಕ್ತ ಕೊಡುತ್ತದೆ. ಆದರೆ ಬಲ ಮೆದುಳು ಆಳುವುದು ಎಡಗೈ, ಎಡಗಾಲನ್ನು. ಹಾಗಾಗಿ ಕಣ್ಣು ಒಂದು ಪಕ್ಕ, ಕೈ ಇನ್ನೊಂದು ಪಕ್ಕ. ಕೆನಡಾದ ಮಿಲ್ಲರ್ ಫಿಶರ್ ಎಂಬ ನರರೋಗ ತಜ್ಞರು ಇಂಥ ರೋಗಿಗಳು ಹೇಳಿದ್ದನ್ನು ಗಮನವಿಟ್ಟು ಕೇಳಿ, ಕೊನೆಗೆ ಕತ್ತಿನ ಕಡೆ ಬೊಟ್ಟು ಮಾಡಿದರು. ಅವರ ಲೇಖನ ಬಂದದ್ದು 1951ರಲ್ಲಿ. ಅಲ್ಲಿಯವರೆಗೆ ಪಾರ್ಶ್ವವಾಯು ಅಂದರೆ ತಲೆಯೊಳಗಿನ ನಾಳದ ತೊಂದರೆ ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು. 1961ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಕಣ್ಣಿನ ತಜ್ಞ ಹಾಲೆನ್‌ಹಾರ್ಸ್ಟ್, ರೆಟಿನಾದ, ಅಂದರೆ ಕಣ್ಣಿನ ಒಳಪರದೆಯ, ನಾಳಗಳಲ್ಲಿ ಸಿಕ್ಕಿಕೊಂಡ ಹೊಳೆಯುವ ಹಳದಿ ಚುಕ್ಕಿಗಳ ಬಗ್ಗೆ ಬರೆದರು. ಕತ್ತಿನಿಂದ ಹೋದ ಕೊಬ್ಬಿನ ಹರಳು ಅದು. ಅಪ್ಪನ ಕಣ್ಣಲ್ಲಿ ನಮ್ಮ ಡಾಕ್ಟರಿಗೆ ಕಂಡದ್ದೂ ಅಂಥದ್ದೇ ಒಂದು ಚುಕ್ಕಿ.

ಈ ಗಳಿಗೆಯ ಕುರುಡಿಗೆ ವೈದ್ಯರು ಅಮರೋಸಿಸ್ ಫ್ಯೂಗ್ಯಾಕ್ಸ್ ಅನ್ನುತ್ತಾರೆ. ಓಡಿಹೋಗುವ ಕತ್ತಲೆ ಅಂತ ಅರ್ಥ. ಓಡಿಹೋಗುತ್ತದೆ ಅನ್ನುವುದೇ ಅದರ ಮೋಸ. ಹೋಗದೆ ನಿಂತುಬಿಟ್ಟರೆ ಅದು ಕಣ್ಣಿನ ಸ್ಟ್ರೋಕ್. ಭಾರತದಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾ. ಸೋಹನ್ ಸಿಂಗ್ ಹೇರೆ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ರಕ್ತ ನಿಂತರೂ ರೆಟಿನಾ ತಡೆದುಕೊಂಡದ್ದು ಸುಮಾರು 97 ನಿಮಿಷ. ನಾಲ್ಕು ಗಂಟೆ ದಾಟಿದ ಮೇಲೆ ಭಾರಿ ಹಾನಿ. "ನಾಳೆ ಬೆಳಿಗ್ಗೆ ನೋಡೋಣ" ಅನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಅಪ್ಪನ ಕತ್ತಿಗೆ ಡಾಪ್ಲರ್ ಸ್ಕ್ಯಾನ್ ಮಾಡಿದರು. ಅದು ಹೊಟ್ಟೆಗೆ ಮಾಡುವ ಸ್ಕ್ಯಾನ್ ಹಾಗೇ. ಕತ್ತಿಗೆ ಜೆಲ್ಲಿ ಹಚ್ಚಿ ನೋಡುತ್ತಾರೆ, ನೋವಿಲ್ಲ. ಅಪ್ಪನ ಬಲಗಡೆ ನಾಳ 80% ಕಿರಿದಾಗಿತ್ತು. ರಕ್ತ ತೆಳುವಾಗುವ ಮಾತ್ರೆ, ಕೊಬ್ಬು ಇಳಿಸುವ ಮಾತ್ರೆ ಅವತ್ತೇ ಶುರು. ಹತ್ತು ದಿನದೊಳಗೆ ಆಪರೇಷನ್ ಆಯಿತು. ನಾಳ ಸೀಳಿ, ಜಿಡ್ಡು ತೆಗೆದು, ಮತ್ತೆ ಹೊಲಿದರು. ಎರಡು ವಾರದೊಳಗೆ ಮಾಡಿದರೆ ಲಾಭ ಜಾಸ್ತಿ ಅಂದಿದ್ದರು. ನಾನು ಹೆದರಿ ಕೂತಿದ್ದಾಗ ಸರ್ಜನ್ ಒಂದು ಲೆಕ್ಕ ಹೇಳಿದರು. ಅಮೆರಿಕ, ಕೆನಡಾದಲ್ಲಿ ನಡೆದು 1991ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅದು. ನಾಳ 70%ಗಿಂತ ಹೆಚ್ಚು ಕಟ್ಟಿಕೊಂಡು, ಅದರ ಸೂಚನೆ ಕಾಣಿಸಿಕೊಂಡವರಲ್ಲಿ ಬರೀ ಮಾತ್ರೆ ತೆಗೆದುಕೊಂಡ ನೂರು ಜನರಲ್ಲಿ 26 ಮಂದಿಗೆ ಎರಡು ವರ್ಷದೊಳಗೆ ಆ ಪಕ್ಕದ ಸ್ಟ್ರೋಕ್ ಆಯಿತು. ಆಪರೇಷನ್ ಆದವರಲ್ಲಿ 9 ಮಂದಿಗೆ. ಕಣ್ಣಿಗೆ ಮಾತ್ರ ಬಂದು ಹೋದವರಿಗೆ ಅಪಾಯ ಇದಕ್ಕಿಂತ ಕಡಿಮೆ, ಈಗಿನ ಮಾತ್ರೆಗಳೂ ಮೊದಲಿಗಿಂತ ಒಳ್ಳೆಯವು ಅಂತಲೂ ಮುಚ್ಚುಮರೆ ಇಲ್ಲದೆ ಹೇಳಿದರು. ಅಪ್ಪನಿಗೆ ಕೈಯೂ ಸೋತಿತ್ತಲ್ಲ, ನಾವು ಯೋಚಿಸಲಿಲ್ಲ.

ಚೂರು ಹೋಗದೆಯೂ ಕಣ್ಣು ಕೆಡಬಹುದು. ನಾಳ 90% ಮುಚ್ಚಿಕೊಂಡರೆ ಕಣ್ಣಿಗೆ ರಕ್ತವೇ ಸಾಲದು. ಅಂಥವರು ನಡುಮನೆಯಿಂದ ಬಿಸಿಲಿನ ಅಂಗಳಕ್ಕೆ ಬಂದರೆ ಒಂದು ಕಣ್ಣಿಗೆ ಎಲ್ಲ ಬೆಳ್ಳಗೆ ಕಂಡು, ನೋಟ ತಿಳಿಯಾಗಲು ನಿಮಿಷಗಳೇ ಬೇಕು. ಹುಬ್ಬಿನ ಮೇಲೆ ಸಣ್ಣ ನೋವಿರಬಹುದು. ಬಿಟ್ಟರೆ ಕಣ್ಣೊಳಗೆ ಬೇಡದ ಹೊಸ ನಾಳ ಬೆಳೆದು, ಒತ್ತಡ ಏರಿ, ನೋಟವೇ ಹೋಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ಒಂದೇ ಕಣ್ಣು ಜಾಸ್ತಿ ಹಾಳಾಗಿದ್ದರೆ, ಕತ್ತನ್ನೂ ನೋಡಬೇಕಾ ಅಂತ ಡಾಕ್ಟರನ್ನು ಕೇಳಿ.

ಹಾಗಂತ ಯಾವ ತೊಂದರೆಯೂ ಇಲ್ಲದವರೆಲ್ಲ ಕತ್ತಿನ ಸ್ಕ್ಯಾನ್ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಅದರಿಂದ ಬೇಡದ ಗಾಬರಿ, ಬೇಡದ ಆಪರೇಷನ್. ಇನ್ನೊಂದು ಮಾತು, ಹುಡುಗರಿಗೆ. ಕಟಿಂಗ್ ಆದ ಮೇಲೆ ಕತ್ತು ತಿರುಗಿಸಿ ನಟಿಕೆ ತೆಗೆಸಬೇಡಿ. ನಾಳದ ಒಳಪದರ ಹರಿಯುವುದುಂಟು. ಆಗಲೂ ಕಣ್ಣು ಸೂಚನೆ ಕೊಡುತ್ತದೆ: ಒಂದು ರೆಪ್ಪೆ ಜೋತು, ಆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ.

ನನ್ನ ಸಿಟ್ಟು ಇರುವುದು ನಮ್ಮ ಪೋಸ್ಟರುಗಳ ಮೇಲೆ. ಮುಖ ಸೊಟ್ಟ, ಕೈ ಸೋಲುವುದು, ಮಾತು ತೊದಲುವುದು. ನಾನು ನೋಡಿದ ಸ್ಟ್ರೋಕ್ ಪೋಸ್ಟರುಗಳಲ್ಲಿ ಈ ಮೂರೇ. ಕಣ್ಣು ಎಲ್ಲಿ? ರೆಟಿನಾ ಬೆಳೆದದ್ದೇ ಮೆದುಳಿನಿಂದ, ಅದು ಮೆದುಳಿನ ತುಂಡೇ. ಇಂಗ್ಲಿಷಿನಲ್ಲಿ ಸ್ಟ್ರೋಕ್ ಸೂಚನೆಗಳನ್ನು ನೆನಪಿಡಲು ಇದ್ದ ಫಾಸ್ಟ್ ಎಂಬ ಪದವನ್ನು ಈಗ ಬಿ-ಫಾಸ್ಟ್ ಅಂತ ಮಾಡಿ ಕಣ್ಣನ್ನೂ ಸೇರಿಸಿದ್ದಾರೆ. ಕನ್ನಡದಲ್ಲೂ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ ಮೇಲೆ, ಪ್ರತಿ ಕನ್ನಡಕದ ಅಂಗಡಿಯಲ್ಲಿ ಒಂದು ಸಾಲು ಬರೆಯಲಿ: "ಒಂದು ಕಣ್ಣು ದಿಢೀರನೆ ಕತ್ತಲಾಗಿ ಸರಿ ಹೋಯಿತೇ? ಇವತ್ತೇ ಆಸ್ಪತ್ರೆಗೆ ಹೋಗಿ." ಆ ಸಾಲು ಆ ಅಂಗಡಿಯಲ್ಲಿ ಇದ್ದಿದ್ದರೆ ಅಪ್ಪ ಒಂದು ವಾರ ಮೊದಲೇ ಆಸ್ಪತ್ರೆಯಲ್ಲಿರುತ್ತಿದ್ದರು.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಅಪ್ಪ ಜಗಲಿ ಮೇಲೆ ಕೂತು, ಕತ್ತಿನ ಗಾಯದ ಗೆರೆ ತೋರಿಸಿ, ಬಂದವರಿಗೆಲ್ಲ ಪೈಪಿನ ಕತೆ ಹೇಳುತ್ತಿದ್ದರು. ಪಕ್ಕದ ತೋಟದವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ಮೊನ್ನೆ ಬುಧವಾರ ನನಗೂ ಹಂಗೇ ಆಗಿತ್ತು ಕಣಪ್ಪಾ, ಎಡಗಣ್ಣು. ಸರಿ ಹೋಯ್ತು ಅಂತ ಯಾರಿಗೂ ಹೇಳಲಿಲ್ಲ."

ನಾನು ಊಟಕ್ಕೂ ಕೂರಲಿಲ್ಲ. ಅವರನ್ನು ಕಾರಿಗೆ ಹತ್ತಿಸಿಕೊಂಡು ಹೊರಟೆ.