ನ್ಯಾಶ್‌ವಿಲ್‌ನಲ್ಲಿ ರೂಪಕ ತಾಳ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಿವೃತ್ತ ದಂಪತಿಗಳಿಗೆ ಬಟ್ಟೆ ಕೊಳ್ಳುವುದರಲ್ಲೂ ಒಂದು ಶಾಸ್ತ್ರವಿದೆ. ಕೊಳ್ಳಬಹುದು, ಧರಿಸಬಹುದು, ಬೆಲೆಚೀಟಿಯನ್ನು ಮಾತ್ರ ಕತ್ತರಿಸಕೂಡದು. ಗಡುವಿನೊಳಗೆ ಅಂಗಡಿಗೆ ಹಿಂದಿರುಗಿಸಿದರೆ ಪೂರ್ತಿ ಹಣ ವಾಪಸ್. ನಮ್ಮ ಯಜಮಾನರು ಈ ಶಾಸ್ತ್ರದಲ್ಲಿ ಘನಪಾಠಿಗಳು. ಹೀಗಾಗಿ ಕೆಲವು ವರ್ಷಗಳ ಹಿಂದೆ ಮಗಳು ನಮ್ಮನ್ನು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿಗೆ ಕರೆದೊಯ್ದಾಗ ನಾನು ಮೈಸೂರು ರೇಷ್ಮೆಯ ಮೇಲೆ ಹೊಸ ಸ್ವೆಟರ್ ತೊಟ್ಟು, ಅದರ ಚೀಟಿಯನ್ನು ತೋಳಿನೊಳಗೆ ತುರುಕಿಕೊಂಡು ಹೋಗಿದ್ದೆ.

ಆಪ್ರಿ ಎಂದರೆ ಕಂಟ್ರಿ ಸಂಗೀತದ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳ, ಕಾಶಿ. 1925ರಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಶುರುವಾದದ್ದು ಇಂದಿಗೂ ರೇಡಿಯೊದಲ್ಲಿ ನೇರವಾಗಿ ಪ್ರಸಾರವಾಗುತ್ತದೆ. ಆದ್ದರಿಂದ ಹಾಡುಗಳ ನಡುವೆ ಉದ್ಘೋಷಕರು ವೇದಿಕೆಯಲ್ಲೇ ನಿಂತು ಗಂಭೀರವಾಗಿ ಜಾಹೀರಾತು ಓದುತ್ತಾರೆ. "ದುಡ್ಡು ಕೊಟ್ಟು ಜಾಹೀರಾತು ಕೇಳಬೇಕೇ?" ಎಂದು ಯಜಮಾನರು ಸಿಡುಕಿದರು. ದುಡ್ಡು ಕೊಟ್ಟವಳು ಮಗಳು.

ಅಲ್ಲಿನ ಆಸನಗಳು ಚರ್ಚಿನ ಬೆಂಚಿನಂತೆ ಉದ್ದ. ನಡುವೆ ಕೈ ಇಡುವ ಕಟ್ಟೆಯಿಲ್ಲ, ಗಡಿರೇಖೆಯೂ ಇಲ್ಲ. ನನ್ನ ಎಡಕ್ಕೆ ಯಜಮಾನರು, ಬಲಕ್ಕೆ ಮಗಳು. ಯಜಮಾನರ ಆಚೆಗೆ ಹೊಳೆಯುವ ಬೂಟು ಧರಿಸಿದ ಒಬ್ಬ ಅಜ್ಜಿ, ಅವರ ತೊಡೆಯ ಮೇಲೆ ಬಕೆಟ್ ಗಾತ್ರದ ಪಾಪ್‌ಕಾರ್ನ್.

ಮೊದಲ ಚಪ್ಪಾಳೆಗೇ ನನ್ನ ಬೆಲೆಚೀಟಿ ಹೊರಗೆ ಜಾರಿ ತೂಗಾಡತೊಡಗಿತು. ಅಜ್ಜಿ ಅದನ್ನು ಕಂಡು ಹಿಗ್ಗಿ, "ಮಿನ್ನೀ ಪರ್ಲ್!" ಎಂದರು. ನನ್ನ ಹೆಸರು ಅದಲ್ಲವೆಂದು ನಾನು ವಿನಯದಿಂದ ತಿಳಿಸಿದೆ. ಮಗಳು ನಾಚಿಕೆಯಿಂದ ಕುಗ್ಗುತ್ತಲೇ ವಿವರಿಸಿದಳು: ಮಿನ್ನೀ ಪರ್ಲ್ 1940ರಿಂದ ಇಲ್ಲಿ ದಶಕಗಳ ಕಾಲ ನಗಿಸಿದ ಹಾಸ್ಯಗಾರ್ತಿ. 1.98 ಡಾಲರಿನ ಚೀಟಿ ನೇತಾಡುವ ಟೋಪಿಯೇ ಆಕೆಯ ಗುರುತು. ಯಜಮಾನರ ಮುಖ ಬೆಳಗಿತು. ತಮ್ಮ ಶಾಸ್ತ್ರಕ್ಕೆ ಇಂಥ ಹಿರಿಯ ಆಧಾರವಿದೆಯೆಂದು ಅವರಿಗೂ ಗೊತ್ತಿರಲಿಲ್ಲ.

ಅಂದು ಹಾಡಿದವರಲ್ಲಿ ಹಿರಿಯ ಹೆಂಗಸರದೇ ಮೇಲುಗೈ. ಎಂಬತ್ತರ ಆಸುಪಾಸಿನ ಜೀನಿ ಸೀಲಿ ಬಂದರು. 1960ರ ದಶಕದಲ್ಲಿ, ಗಾಯಕಿಯರೆಂದರೆ ಚೌಕಳಿ ಲಂಗವೇ ಗತಿ ಎಂದಿದ್ದ ಈ ವೇದಿಕೆಗೆ ಮಿನಿಸ್ಕರ್ಟ್ ತೊಟ್ಟು ಬಂದವರು ಅವರು. 2025ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಲ್ಲಿ ಐದು ಸಾವಿರಕ್ಕೂ ಹೆಚ್ಚು ಬಾರಿ ಕಾಣಿಸಿಕೊಂಡಿದ್ದರು. ಅವರ ಬಳಿಕ ಕಾನಿ ಸ್ಮಿತ್. 1964ರಲ್ಲಿ ಅವರ ಮೊದಲ ಹಾಡೇ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಎಂಟು ವಾರ ಅಗ್ರಸ್ಥಾನದಲ್ಲಿತ್ತು. ಆ ಕಂಠ ಇನ್ನೂ ಸಭಾಂಗಣದ ಹಿಂಬದಿಯ ಗೋಡೆಯನ್ನು ಮುಟ್ಟಿ ಬರುತ್ತಿತ್ತು. ನಮ್ಮೂರಿನಲ್ಲಾಗಿದ್ದರೆ ಇವರಿಬ್ಬರಿಗೂ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಹೊರಿಸಿ, ಕುರ್ಚಿಯಲ್ಲಿ ಕೂರಿಸಿ, ಅಧ್ಯಕ್ಷರು ಒಂದು ಗಂಟೆ ಮಾತನಾಡಿ, ಸಮಯದ ಅಭಾವದಿಂದ ಹಾಡನ್ನು ಕೈಬಿಡುತ್ತಿದ್ದರು. ಇಲ್ಲಿ ಕೈಗೆ ಮೈಕ್ ಕೊಟ್ಟು ಎಲ್ಲರೂ ಸುಮ್ಮನಾಗುತ್ತಾರೆ.

ಸುಮ್ಮನಿರದವರು ನಮ್ಮ ಯಜಮಾನರೊಬ್ಬರೇ. ಯಾವ ಸಂಗೀತವಾದರೂ ಅವರು ಎಂಟರ ಎಣಿಕೆಯ ಆದಿತಾಳ ಹಾಕಿಯೇ ಕೇಳುವುದು. ಸ್ಟೀಲ್ ಗಿಟಾರಿನ ಜಾರುವಿಕೆ ಕೇಳಿ "ಆಹಾ, ಗಮಕ!" ಎಂದು ಉತ್ಸಾಹದಿಂದ ಕೈ ಬೀಸಿದ್ದೇ ತಡ, ಬಕೆಟ್ ಹಾರಿ ಬೆಣ್ಣೆ ಸವರಿದ ಪಾಪ್‌ಕಾರ್ನ್ ಅಷ್ಟೂ ನನ್ನ ಸ್ವೆಟರಿನ ಮೇಲೆ ಅಭಿಷೇಕವಾಯಿತು. ಕ್ಷಮೆ ಕೇಳಿದವರು ಅಜ್ಜಿ! ಅಮೆರಿಕದ ದಕ್ಷಿಣದವರ ಸೌಜನ್ಯವೇ ಹಾಗೆ. ಯಜಮಾನರು ಬೆಣ್ಣೆಯ ಕಲೆಯನ್ನೂ ಬೆಲೆಚೀಟಿಯನ್ನೂ ಒಮ್ಮೆ ನೋಡಿ, ದೀರ್ಘ ಉಸಿರೆಳೆದು ಮತ್ತೆ ತಾಳಕ್ಕೆ ಮರಳಿದರು.

ಮುಂದಿನ ಹಾಡು ಮೂರರ ನಡೆಯದು. ಆದಿತಾಳ ದಿಕ್ಕು ತಪ್ಪಿತು. "ಈಕೆಗೆ ಲಯ ಸಾಲದು" ಎಂದು ಅವರು ತೀರ್ಪು ಕೊಟ್ಟರು. ಹಾಡು ಮುಗಿದರೂ ಬೆರಳು ಎಣಿಸುತ್ತಲೇ ಇದ್ದರು. ಉದ್ಘೋಷಕರು ಜಾಹೀರಾತಿಗೆ ಬಾಯಿ ತೆರೆದ ಗಳಿಗೆಯಲ್ಲಿ ಲೆಕ್ಕ ಹೊಂದಿತು.

"ರೂಪಕ!" ಎಂದು ಕೂಗಿದರು.

ಅಜ್ಜಿ ಅದನ್ನು ನಮ್ಮ ನಾಡಿನ ಮೆಚ್ಚುಗೆಯ ಕೂಗೆಂದು ತಿಳಿದಿರಬೇಕು. ಮುಂದಿನ ಗಾಯಕಿ ಬರುತ್ತಿದ್ದಂತೆ ಎದ್ದುನಿಂತು, ಎರಡೂ ಕೈ ಮೇಲೆತ್ತಿ, "ರೂಪಕಾ!" ಎಂದು ಬೊಬ್ಬಿರಿದರು. ಹಿಂದಿನ ಸಾಲಿನವರೂ ದನಿಗೂಡಿಸಿದರು.