ಜೀಪಿಗೆ ರೇಡಿಯೋ ಹಾಕಿಸಿ, ಡ್ಯಾಶ್‌ಬೋರ್ಡ್ ಕೊರೆಸಬೇಡಿ

ನಮ್ಮ ಜೀಪಿನ ಡ್ಯಾಶ್‌ಬೋರ್ಡಿನಲ್ಲಿದ್ದ ತೂತನ್ನು ಹೋದ ತಿಂಗಳು ಕೊನೆಗೂ ಮುಚ್ಚಿಸಿದೆ. ಹದಿನೆಂಟು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರ. ಹನ್ನೆರಡು ವರ್ಷ ಅದನ್ನು ನೋಡಿಕೊಂಡೇ ಗಾಡಿ ಓಡಿಸಿದ್ದೇನೆ.

ಜೀಪು ಅಪ್ಪನದು. 1968ರ ಮಹೀಂದ್ರಾ ಸಿಜೆ-3ಬಿ, ಪೆಟ್ರೋಲ್ ಗಾಡಿ. ಎತ್ತರದ ಬಾನೆಟ್ ನೋಡಿದರೇ ಗೊತ್ತಾಗುತ್ತದೆ. ಇದರೊಳಗಿನ ಹರಿಕೇನ್ ಎಂಜಿನ್ ಅದಕ್ಕಿಂತ ಹಿಂದಿನ ವಿಲ್ಲೀಸ್ ಎಂಜಿನ್ನಿಗಿಂತ ಎತ್ತರ, ಅದಕ್ಕೇ ಬಾನೆಟ್ಟನ್ನೂ ಎತ್ತರಿಸಿದ್ದರು. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಗೊಬ್ಬರದ ಮೂಟೆ, ಕಾಫಿ ಚೀಲ ಎಲ್ಲ ಹೊತ್ತಿದೆ. ರಾತ್ರಿ ಹೊತ್ತು ಹೆರಿಗೆಗೆ ಹೊರಟ ಹೆಂಗಸರನ್ನು ಆಸ್ಪತ್ರೆಗೆ ಸೇರಿಸಿದೆ. ಆಗ ಅಪ್ಪ ಒಂದು ಟ್ರಾನ್ಸಿಸ್ಟರನ್ನು ಟವೆಲ್ಲಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮುಳ್ಳು ಯಾವಾಗಲೂ ಭದ್ರಾವತಿ ಆಕಾಶವಾಣಿಯ ಮೇಲೇ. ಗಾಡಿ ಓಡುವಾಗ ಬರೀ ಟರ್ರ್ ಅನ್ನೋ ಸದ್ದು. ವಾರ್ತೆ ಬೇಕು ಅಂದರೆ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕಿತ್ತು.

ಓಡುವ ಗಾಡಿಯಲ್ಲೇ ಅಪ್ಪನಿಗೆ ರೇಡಿಯೋ ಕೇಳಿಸಬೇಕು ಅಂತ ನನಗೆ ಆಸೆ. ಪೇಟೆಯ ಒಂದು ಅಂಗಡಿಗೆ ಗಾಡಿ ಬಿಟ್ಟೆ. ನಾನು ಸಂತೆ ಮುಗಿಸಿ ಬರುವಷ್ಟರಲ್ಲಿ ಕಟರ್ ಹಾಕಿ ಡ್ಯಾಶ್ ಕೊರೆದಾಗಿತ್ತು. ನಡುವೆ ಮೀಟರು, ಪಕ್ಕದಲ್ಲಿ ನಾಲ್ಕು ಸ್ವಿಚ್ಚು, ಉಳಿದದ್ದೆಲ್ಲ ಸಪಾಟು ತಗಡು. ಆ ಗಾಡಿಯ ಮುಖವೇ ಅದು. ಅಪ್ಪ ಏನೂ ಅನ್ನಲಿಲ್ಲ. ಕೊರೆದ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ ಸುಮ್ಮನಾದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಅವತ್ತು ಹಾಕಿದ ಕಾಗದದ ಕೋನಿನ ಸ್ಪೀಕರುಗಳು ಎರಡು ಮಳೆಗಾಲಕ್ಕೆ ಮೆತ್ತಗಾಗಿ ಹರಿದವು. ಸೆಟ್ಟು ಮೂರನೇ ವರ್ಷ ಸತ್ತಿತು. ಉಳಿದದ್ದು ತೂತು ಮಾತ್ರ.

ಈಗ ನಮ್ಮ ಕಡೆ ಹಳೇ ಜೀಪು ಕೊಂಡು ರಿಪೇರಿ ಮಾಡಿಸುವ ಹುಡುಗರು ಜಾಸ್ತಿ ಆಗಿದ್ದಾರೆ. ನೋಡಿದರೆ ಖುಷಿಯಾಗುತ್ತದೆ. ಅವರಲ್ಲಿ ನನ್ನದೊಂದು ಕೇಳಿಕೆ. ರೇಡಿಯೋ ಹಾಕಿಸಿ, ಖಂಡಿತ ಹಾಕಿಸಿ. ಆದರೆ ಹಾಕಿದ್ದೆಲ್ಲ ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಗೆ ಬರುವ ಹಾಗಿರಲಿ. ಸೆಟ್ಟಿನ ಆಯಸ್ಸು ಐದಾರು ವರ್ಷ. ಆ ತಗಡಿಗೆ ಆಗಲೇ ಐವತ್ತು ದಾಟಿದೆ.

ಈ ಸಲ ಚಿಕ್ಕಮಗಳೂರಿನ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಸೆಟ್ಟಿನ ಮಾತೇ ಎತ್ತಲಿಲ್ಲ. ಬಾನೆಟ್ ಎತ್ತಿ, "ಮೊದಲು ಇದರ ಗಲಾಟೆ ನಿಲ್ಲಿಸಬೇಕು ಮಾರಾಯ್ರೆ" ಅಂದರು. ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ ಕಿಡಿ ಹೊಡೆದಾಗಲೆಲ್ಲ ಅದೊಂದು ಪುಟ್ಟ ರೇಡಿಯೋ ಸ್ಟೇಷನ್ನಿನ ಹಾಗೆ ಅಲೆ ಬಿಡುತ್ತದೆ. ಅಪ್ಪನ ಟ್ರಾನ್ಸಿಸ್ಟರಿನ ಟರ್ರ್ ಸದ್ದು ಅದೇ. ಮೀಡಿಯಂ ವೇವಿಗೆ ಇದರ ಕಾಟ ಹೆಚ್ಚು, ಎಫ್‌ಎಂಗೆ ಕಡಿಮೆ. ಡೀಸೆಲ್ ಜೀಪಿನಲ್ಲಿ ಕಿಡಿಯೇ ಇಲ್ಲ, ಹಾಗಾಗಿ ಈ ತಾಪತ್ರಯವೂ ಇಲ್ಲ. ಅಲ್ಲಿ ಕಿವಿ ಕೊರೆಯುವುದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಕುಂಯ್ ಸದ್ದು.

ಎರಡನೇ ಮಹಾಯುದ್ಧದ ಜೀಪುಗಳ ಫೋಟೋದಲ್ಲಿ ಬಾನೆಟ್ ಮೇಲಿನ ನಂಬರಿನ ಕೊನೆಗೆ 'ಎಸ್' ಅಂತ ಬರೆದಿರುವುದನ್ನು ನೋಡಿರಬಹುದು. ಸಪ್ರೆಸ್ಡ್ ಅಂತ ಅರ್ಥ. ವೈರ್‌ಲೆಸ್ಸಿಗೆ ಅಡ್ಡಿ ಆಗದ ಹಾಗೆ ಈ ಗಾಡಿಯ ಸದ್ದು ಅಡಗಿಸಿದ್ದೇವೆ ಅನ್ನುವ ಗುರುತು. ಆಗ ಮಾಡುತ್ತಿದ್ದ ಉಪಾಯಗಳನ್ನೇ ನಮ್ಮ ಎಲೆಕ್ಟ್ರಿಷಿಯನ್ನೂ ಮಾಡಿದರು. ರೆಸಿಸ್ಟರ್ ಇರುವ ಪ್ಲಗ್ ಹಾಕಿದರು. ಕಿಡಿಗೆ ಕರೆಂಟು ಕೊಡುವ ಕಾಯಿಲ್‌ಗೆ ಸದ್ದು ಹೀರುವ ಒಂದು ಕಂಡೆನ್ಸರ್, ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೆ ಒಂದು. ಆಮೇಲೆ ಹೆಣೆದ ತಾಮ್ರದ ಪಟ್ಟಿ. ಬಾನೆಟ್ಟಿನಿಂದ ಬಾಡಿಯ ತಗಡಿಗೆ, ಎಂಜಿನ್ನಿನಿಂದ ಚಾಸಿಗೆ. ಪಟ್ಟಿ ಕೂರುವ ಜಾಗದಲ್ಲಿ ಬಣ್ಣ, ತುಕ್ಕು ಎಲ್ಲ ಕೆರೆದು ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಉಜ್ಜಿದರು. ಆಂಟೆನಾ ಹಳೇ ಬೋಲ್ಟಿನ ಕ್ಲಾಂಪಿನಲ್ಲಿ ನಿಂತಿದೆ, ಅದರ ಬುಡಕ್ಕೂ ಇದೇ ಉಪಚಾರ. ಮುಕ್ಕಾಲು ಮೀಟರಿನಷ್ಟು ಉದ್ದದ ಕಡ್ಡಿ ಎಫ್‌ಎಂಗೆ ಸರಿಹೊಂದುತ್ತದೆ. ಬುಡದಲ್ಲಿ ಆರ್ತ್, ಅಂದರೆ ತಗಡಿನ ಜೊತೆಗಿನ ಸಂಪರ್ಕ, ಸರಿಯಿಲ್ಲದಿದ್ದರೆ ಮಾತ್ರ ಎಷ್ಟು ಉದ್ದದ ಕಡ್ಡಿ ಇದ್ದರೂ ಸುಖವಿಲ್ಲ.

ಇನ್ನು ಕರೆಂಟಿನ ಲೆಕ್ಕ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಮಳೆಯಲ್ಲಿ ಜೀಪು ತಳ್ಳುತ್ತಾರೆ. ನಮ್ಮ ಡೈನಮೋ ಎಂಜಿನ್ ಜೋರಾಗಿ ತಿರುಗುವಾಗ 22 ಆಂಪಿಯರ್ ಕೊಡುತ್ತದೆ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮೆಲ್ಲಗೆ ತಿರುಗುವಾಗ, ಹೆಚ್ಚುಕಡಿಮೆ ಏನೂ ಇಲ್ಲ. ಎರಡು ಹೆಡ್‌ಲೈಟೇ 10 ಆಂಪಿಯರ್ ತಿನ್ನುತ್ತವೆ. ಮೇಲೆ ವೈಪರ್ ಬೇರೆ. ಸಾಧಾರಣ ಸೆಟ್ಟು ಹದವಾದ ದನಿಗೆ ಒಂದೆರಡು ಆಂಪಿಯರಿನಲ್ಲಿ ಹಾಡುತ್ತದೆ. ಆದರೆ ದೊಡ್ಡ ಆಂಪ್ಲಿಫೈಯರು, ಸಬ್‌ವೂಫರು ಹಾಕಿದರೆ ಈ ಡೈನಮೋ ತಡೆಯುವುದಿಲ್ಲ. ಬ್ಯಾಟರಿಯಿಂದ ಹೊರಡುವ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಬೇಕು. ತಗಡಿನ ತೂತಿನಲ್ಲಿ ಹಾದುಹೋಗುವ ಕಡೆ ರಬ್ಬರ್ ಬುಷ್ ಇರಲೇಬೇಕು. ಇವೆರಡರಲ್ಲಿ ಉಳಿತಾಯ ನೋಡಿದರೆ ಗಾಡಿ ಸುಟ್ಟುಹೋಗಬಹುದು.

ಸ್ಪೀಕರ್ ವೈರಿನ ಬಗ್ಗೆಯೂ ಒಂದು ಮಾತು. ಹಳೇ ಕಾಲದ ಕಾರ್ ರೇಡಿಯೋಗಳಲ್ಲಿ ಸ್ಪೀಕರಿನ ಒಂದು ವೈರನ್ನು ಬಾಡಿಯ ತಗಡಿಗೇ ಆರ್ತ್ ಮಾಡುತ್ತಿದ್ದರು. ಈಗಿನ ಸೆಟ್ಟುಗಳಲ್ಲಿ ಎರಡು ವೈರಿಗೂ ಸಿಗ್ನಲ್ ಬರುತ್ತದೆ. ಹಳೇ ಅಭ್ಯಾಸದಲ್ಲಿ ಒಂದನ್ನು ಬಾಡಿಯ ತಗಡಿಗೆ ಸಿಕ್ಕಿಸಿದರೆ ಸೆಟ್ಟಿನ ಒಳಗಿನ ಐಸಿ ಚಿಪ್ಪು ಸುಟ್ಟುಹೋಗಬಹುದು. ಎರಡನ್ನೂ ಬೇರೆಬೇರೆಯಾಗಿ ಸೆಟ್ಟಿನ ತನಕ ಎಳೆಯಬೇಕು.

ಸ್ಪೀಕರ್ ಎಲ್ಲಿಡುವುದು? ಜೀಪಿಗೆ ಬಾಗಿಲಿಲ್ಲ, ಡಿಕ್ಕಿ ಇಲ್ಲ. ಬರೀ ತಗಡಿಗೆ ತೂತು ಹೊಡೆದು ಕೂರಿಸಿದರೆ ಕೋನಿನ ಹಿಂದಿನ ಸದ್ದು ಮುಂದಿನದನ್ನು ತಿಂದುಹಾಕುತ್ತದೆ, ಬೇಸ್ ಬರುವುದೇ ಇಲ್ಲ. ನಾನು ನಾಲ್ಕು ಇಂಚಿನ ಎರಡು ಸ್ಪೀಕರ್ ತಂದೆ. ದೋಣಿಗಳಲ್ಲಿ ಹಾಕುವ ಥರದ್ದು, ಪ್ಲಾಸ್ಟಿಕ್ ಕೋನು, ರಬ್ಬರ್ ಅಂಚು. ಪುಟ್ಟ ಡಬ್ಬದೊಳಗೆ ಕೂರಿಸಿ, ಸೀಟಿನ ಹಿಂದೆ ಟಾಪ್ ಹೊರುವ ಕಂಬಿಗೆ ಕ್ಲಾಂಪ್ ಹಾಕಿದೆವು. ಕಿವಿಯಿಂದ ಒಂದೂವರೆ ಅಡಿ. ಗಾಳಿ, ಗೇರ್‌ಬಾಕ್ಸಿನ ಗೋಂಯ್ ಎಲ್ಲದರ ಮೇಲೆ ಕೂಗಿಸಬೇಕಾಗಿಲ್ಲ. ಸಣ್ಣ ದನಿಯೇ ಸಾಕು. ಎಂಜಿನ್ ಸದ್ದೂ ಕಿವಿಗೆ ಬೀಳುತ್ತಿರಬೇಕು. ಘಾಟಿಯಲ್ಲಿ ಗೇರ್ ಹಾಕುವುದು ಆ ಸದ್ದು ಕೇಳಿಕೊಂಡೇ ಅಲ್ವಾ?

ಸೆಟ್ಟು ಡ್ಯಾಶಿನ ಕೆಳಗೆ ತಗಡಿನ ಪೆಟ್ಟಿಗೆಯಲ್ಲಿ ತೂಗುತ್ತಿದೆ. ಹಿಡಿದಿರುವುದು ಜೀಪಿನದೇ ಹಳೇ ಬೋಲ್ಟುಗಳು. ತೂತಿಗೆ ಅಷ್ಟೇ ದಪ್ಪದ ತಗಡು ಕತ್ತರಿಸಿ, ಒಂದೊಂದೇ ಚುಕ್ಕಿ ವೆಲ್ಡಿಂಗ್ ಹಾಕಿ, ಪ್ರತಿ ಚುಕ್ಕಿಗೂ ಒದ್ದೆ ಬಟ್ಟೆ ಒತ್ತಿ ತಣಿಸಿದರು ಟಿಂಕರಿಂಗ್ ಮಾಡುವ ಹಿರಿಯರು. ಬಿಸಿಗೆ ತಗಡು ಸೊಟ್ಟಗಾಗಬಾರದಲ್ಲ. ಒಂದು ಇಡೀ ದಿನ ಹಿಡಿಯಿತು.

ಮೊನ್ನೆ ಸಂಜೆ ಅಪ್ಪನನ್ನು ಕೂರಿಸಿಕೊಂಡು ತೋಟಕ್ಕೆ ಹೋದೆ. ಸಣ್ಣ ಮಳೆ. ಹಾಸನ ಆಕಾಶವಾಣಿ ಬರುತ್ತಿತ್ತು, ತಿರುವಿನಲ್ಲಿ ಗುಡ್ಡ ಅಡ್ಡ ಬಂದಾಗ ಮಾಯವಾಗಿ ಮತ್ತೆ ಸಿಗುತ್ತಿತ್ತು. ಕಣದ ಹತ್ತಿರ ಗಾಡಿ ನಿಲ್ಲಿಸಿದೆ. ವಾರ್ತೆ ಶುರುವಾಯಿತು. ಅಪ್ಪ ಹಳೇ ಅಭ್ಯಾಸದಲ್ಲಿ ಬಗ್ಗಿ ಎಂಜಿನ್ ಆಫ್ ಮಾಡಲು ಕೀಗೆ ಕೈ ಹಾಕಿದರು.

"ಬೇಡ ಅಪ್ಪಾ, ಹಾಗೇ ಕೇಳ್ಸುತ್ತೆ" ಅಂದೆ.

ಅವರು ಕೈ ಹಿಂದೆ ತೆಗೆದರು. ಮುಚ್ಚಿದ ತೂತಿನ ಜಾಗದ ಮೇಲೆ ಬೆರಳಾಡಿಸಿದರು. ವಾರ್ತೆ ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ.