ಕುದುರೆ ಹಾಲಿನ ಹುಳಿಗೆ ಕುದುರೆಯ ಹೆಸರಿಲ್ಲ

ಕುದುರೆ ಹಾಲನ್ನ ಹುಳಿ ಬರಿಸಿ ಮಾಡೋ ಪಾನೀಯ ಕುಮಿಸ್. ಆ ಹೆಸರು ಮಧ್ಯಯುಗದ ಹುಲ್ಲುಗಾವಲಿನ ಅಲೆಮಾರಿಗಳಾದ ಕುಮನ್ ಜನರಿಂದ ಬಂತು ಅಂತ ಬರೆಯೋರು ಇನ್ನೂ ಇದ್ದಾರೆ. ಕೇಳೋಕೆ ಸೊಗಸು, ಒಪ್ಪೋಕೆ ಕಷ್ಟ. ಕಜಕ್, ಕಿರ್ಗಿಜ್, ಟರ್ಕಿಶ್ ಈ ಮೂರು ತುರ್ಕಿಕ್ ಭಾಷೆಗಳಲ್ಲಿ ಯಾವುದರಲ್ಲೂ ಆ ‘ಕು’ ಇಲ್ಲ. ಅಲ್ಲಿ ಅದು ಹೆಚ್ಚುಕಡಿಮೆ ‘ಕಿಮಿಜ್’. ಹೆಚ್ಚುಕಡಿಮೆ ಅಂದಿದ್ದು ಯಾಕಂದ್ರೆ ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ. ತುಟಿ ದುಂಡಗೆ ಮಾಡದೆ ‘ಉ’ ಅಂದು ನೋಡಿ, ಹತ್ತಿರ ಬರುತ್ತೆ. ತುಟಿ ದುಂಡಗೆ ಮಾಡಿದವರು ಹೊರಗಿನವರು: ರಷ್ಯನ್ನರು ‘ಕುಮಿಸ್’ ಅಂದರು, 1253ರಲ್ಲಿ ಮಂಗೋಲರ ನಾಡಿಗೆ ಹೊರಟ ಪಾದ್ರಿ ರೂಬ್ರಕ್‌ನ ವಿಲಿಯಂ ಬರಹದಲ್ಲಿ ಅದು ‘ಕೊಸ್ಮೊಸ್’. 11ನೇ ಶತಮಾನದಲ್ಲೇ ಮಹಮೂದ್ ಕಾಶ್ಗರಿ ತನ್ನ ತುರ್ಕಿಕ್ ನಿಘಂಟಿನಲ್ಲಿ ಈ ಪದ ಸೇರಿಸಿದ್ದಾನೆ. ಅವನದು ಕುಮನ್ನರ ನುಡಿ ಅಲ್ಲ, ಮಧ್ಯ ಏಷ್ಯಾ ಆಳಿದ ಕಾರಾಖಾನಿಡರದ್ದು. ತುರ್ಕಿಕ್ ಕುಟುಂಬದ ಉದ್ದಗಲಕ್ಕೂ ಇರೋ ಪದವನ್ನ ಒಂದೇ ಬುಡಕಟ್ಟಿಗೆ ಕಟ್ಟಿಹಾಕೋದು ಹೇಗೆ?

ಪದದೊಳಗೆ ಕುದುರೆಯೂ ಇಲ್ಲ, ಹಾಲೂ ಇಲ್ಲ. ಜನರ ಕಿವಿಗೆ ಅದರಲ್ಲಿ ಕೇಳೋದು ಹುಳಿ. ಕಜಕ್‌ನಲ್ಲಿ ಎಲೆ ಹುಳಿಯಾಗಿರೋ ಒಂದು ಸೊಪ್ಪಿಗೆ ‘ಕಿಮಿಜ್ದಿಕ್’ ಅಂತಲೇ ಹೆಸರು. ಹಾಗಾಗಿ ಕನ್ನಡದಲ್ಲಿ ‘ಕುದುರೆ ಹೆಂಡ’ ಅನ್ನೋದು ನನಗೆ ಸರಿ ಕಾಣಲ್ಲ. ಮದ್ಯದ ಅಂಶ ಸಾಮಾನ್ಯವಾಗಿ ನೂರಕ್ಕೆ ಒಂದೆರಡರಷ್ಟು, ಅಷ್ಟೇ.

‘ಕುದುರೆ ಮೊಸರು’ ಅನ್ನೋದೂ ತಪ್ಪು, ಅದು ಮೊಸರಿನ ಹಾಗೆ ಗಟ್ಟಿಯಾಗಲ್ಲ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್ (ಹಾಲನ್ನ ಗಟ್ಟಿ ಮಾಡೋ ಪ್ರೋಟೀನ್), ಕುದುರೆ ಹಾಲಿನಲ್ಲಿ ಅರ್ಧದಷ್ಟು. ಹೆಪ್ಪು ಹಾಕಿದರೂ ಸಣ್ಣ ಸಣ್ಣ ಕಣಗಳಾಗಿ ತೇಲುತ್ತೆ. ಸಕ್ಕರೆ ಮಾತ್ರ ಹೆಚ್ಚು, ನೂರಕ್ಕೆ 6ರ ಮೇಲೆ. ಈಸ್ಟ್‌ಗೆ ಅದೇ ಊಟ. ಹಸುವಿನ ಹಾಲಲ್ಲಿ ಮಾಡೋರು ಮೇಲಿಂದ ಸಕ್ಕರೆ ಬೆರೆಸೋದು ಇದಕ್ಕೇ.

ಕುದುರೆ ಕರೆಯೋವಾಗ ಮರಿ ಮೊದಲು ಬಾಯಿ ಹಾಕಬೇಕು, ಆಮೇಲೆ ಹಾಲು ಇಳಿಯುತ್ತೆ. ಕೆಚ್ಚಲು ಚಿಕ್ಕದು, ದಿನಕ್ಕೆ ಐದಾರು ಸಲ ಕರೀಬೇಕು. ಕರೆದ ಹಾಲು ಆರಿಸಿ, ಹಳೇ ಕುಮಿಸ್ ಉಳಿಸಿಕೊಂಡ ಚರ್ಮದ ಚೀಲಕ್ಕೆ ಸುರೀತಾರೆ. ಬಿಸಿ ಇದ್ದಾಗಲೇ ಸುರಿದರೆ ಹುಳಿ ಓಡಿಬಿಡುತ್ತೆ. ಆಮೇಲೆ ಕಡೆಯೋದು, ಮಂಗೋಲಿಯಾದಲ್ಲಿ 500 ಸಲಕ್ಕೂ ಹೆಚ್ಚು. ಇಲ್ಲಿ ಸೋಮಾರಿತನ ಮಾಡಿದರೆ ಈಸ್ಟ್‌ಗೆ ಗಾಳಿ ಸಾಲದು, ಹುಳಿ ಬ್ಯಾಕ್ಟೀರಿಯಾದ್ದೇ ಕೈ ಮೇಲಾಗುತ್ತೆ. ಆಗ ಸಿಗೋದು ನಾಲಿಗೆ ಚುರುಗುಟ್ಟಿಸೋ ನೊರೆಯ ಪಾನೀಯ ಅಲ್ಲ, ಬರೀ ಹುಳಿನೀರು. ರೂಬ್ರಕ್ ಕಂಡ ಕಡೆಯೋ ಕೋಲಿನ ತುದಿ ಮನುಷ್ಯನ ತಲೆಯಷ್ಟು ದಪ್ಪ, ಒಳಗೆ ಟೊಳ್ಳು. ಕುಡಿದ ಮೇಲೆ ಬಾಯಲ್ಲಿ ಬಾದಾಮಿ ಹಾಲಿನ ರುಚಿ ಉಳಿಯುತ್ತೆ ಅಂತಲೂ ಬರೆದಿದ್ದಾನೆ.

ಆ ಕೋಲಿಗೆ ಕಿರ್ಗಿಜ್ ಭಾಷೆಯಲ್ಲಿ ಹೆಸರು ‘ಬಿಷ್ಕೆಕ್’. ಹೌದು, ಕಿರ್ಗಿಸ್ತಾನದ ರಾಜಧಾನಿಯ ಹೆಸರೇ. ಊರಿಗೆ ಅದು ಹೇಗೆ ಅಂಟಿತು ಅನ್ನೋದಕ್ಕೆ ಬೇರೆ ಬೇರೆ ಕಥೆಗಳಿವೆ. 1926ರಲ್ಲಿ ಸೋವಿಯತ್ತರು ಅದನ್ನ ಫ್ರುಂಜೆ ಮಾಡಿದರು, 1991ರಲ್ಲಿ ಕಡೆಗೋಲು ವಾಪಸ್ ಬಂತು.